ಹಾಲ್‌ನಲ್ಲಿ ವ್ಯಾನ್ ಗೋ ಕಾಗೆಗಳು: ಇಳಿಸ್ಬೇಕಾ, ಇರ್ಲಾ?

ಹೊಸಮನೆಯವ
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಗೃಹಪ್ರವೇಶ ಆಯ್ತು. ಹಾಲ್‌ನ ದೊಡ್ಡ ಗೋಡೆ ಬೋಳು ಬೋಳಾಗಿ ಕಾಣ್ತಿತ್ತು ಅಂತ ವ್ಯಾನ್ ಗೋ ಬರೆದ ಗೋಧಿ ಹೊಲದ ಚಿತ್ರದ ಪ್ರಿಂಟ್ ತಗೊಂಡು ಫ್ರೇಮ್ ಹಾಕಿಸಿ ತೂಗುಹಾಕಿದೆ. ಅದೇ, ಹಳದಿ ಹೊಲ, ಕಡುನೀಲಿ ಆಕಾಶ, ಮೇಲೆ ಕಾಗೆ ಹಿಂಡು. ನನಗೆ ಆ ಹಳದಿ ಇಷ್ಟ, ಬೇರೆ ಯಾವ ಘನಂದಾರಿ ಕಾರಣಾನೂ ಇಲ್ಲ.

ಈಗ ಮನೇಲಿ ಮಹಾಭಾರತ. ಅತ್ತೆ ಊರಿಂದ ಬಂದವರು ಕೈಕಾಲು ತೊಳೆಯೋ ಮೊದಲೇ "ಹೊಸ ಮನೆಗೆ ಕಾಗೆ ಯಾಕಪ್ಪಾ ತಂದ್ರಿ" ಅಂದ್ರು. ಅದನ್ನ ಹೇಗೋ ನಿಭಾಯಿಸಬಹುದಿತ್ತು. ಅಷ್ಟರಲ್ಲಿ ನಮ್ಮ ಭಾವ ಬಾಯಿ ಹಾಕಿದ್ರು. ಇದು ಅವನ ಕೊನೇ ಚಿತ್ರ, ಬರೆದು ಮುಗಿಸಿ ಅದೇ ಹೊಲದಲ್ಲಿ ಗುಂಡು ಹಾರಿಸ್ಕೊಂಡ, ಕಾಗೆ ಅಂದ್ರೆ ಸಾವು, ಹೊಲದ ಮಧ್ಯೆ ಮುಗಿದುಹೋಗೋ ದಾರಿ ಅಂದ್ರೆ ಮುಗಿದುಹೋದ ಬದುಕು, ನೀನು ಡೆತ್ ನೋಟ್‌ಗೆ ಫ್ರೇಮ್ ಹಾಕಿಸಿದೀಯ ಅಂತ. ಯಾವುದೋ ವಿಡಿಯೋದಲ್ಲಿ ನೋಡಿದ್ರಂತೆ. ಅವತ್ತಿಂದ ನನ್ನ ಹೆಂಡ್ತಿ ಆ ಗೋಡೆಗೆ ಬೆನ್ನು ಹಾಕಿ ಕಾಫಿ ಕುಡೀತಾಳೆ.

ಚಿತ್ರಕಲೆ ಗೊತ್ತಿರೋರು ಹೇಳಿ, ಇದರ ಅರ್ಥ ನಿಜವಾಗ್ಲೂ ಅದೇನಾ? ಇಳಿಸ್ಬೇಕಾ?

ಸುಮ್ನೆ_ಓದೋನು
ಇಳಿಸ್ಬೇಕಾಗಿರೋದು ಭಾವನ್ನ.

ತಲೆಹರಟೆ
ಇಂಪ್ರೆಷನಿಸ್ಟ್ ಚಿತ್ರಗಳಿಗೆಲ್ಲ ಅರ್ಥ ಹುಡುಕ್ತಾ ಕೂತ್ಕೋಬಾರದು ಸಾರ್. ಹೊಲ ಕಾಣ್ತು, ಬರೆದ. ಕಾಗೆ ಹಾರ್ತಿತ್ತು, ಅದನ್ನೂ ಬರೆದ. ಮುಗೀತು.

ಎಣ್ಣೆಬಣ್ಣ
@ತಲೆಹರಟೆ ಎರಡೂ ತಪ್ಪು. ವ್ಯಾನ್ ಗೋ ಇಂಪ್ರೆಷನಿಸ್ಟ್ ಅಲ್ಲ, ಅವರ ನಂತರದವನು. ಪೋಸ್ಟ್ ಇಂಪ್ರೆಷನಿಸ್ಟ್ ಅನ್ನೋ ಹಣೆಪಟ್ಟಿ ಅಂಟಿಸಿದ್ದು ಇಂಗ್ಲಿಷ್ ಕಲಾ ವಿಮರ್ಶಕ ರೋಜರ್ ಫ್ರೈ, 1910ರಲ್ಲಿ ಲಂಡನ್ನಿನ ಒಂದು ಪ್ರದರ್ಶನಕ್ಕೆ. ಆ ಹೊತ್ತಿಗೆ ವ್ಯಾನ್ ಗೋ ಸತ್ತು 20 ವರ್ಷ. ಪಾಪ, ಆ ಪದ ಅವನ ಕಿವಿಗೇ ಬಿದ್ದಿಲ್ಲ.

ಆದರೆ ವ್ಯತ್ಯಾಸ ದೊಡ್ಡದು. ಮೋನೆಯಂಥ ಇಂಪ್ರೆಷನಿಸ್ಟ್‌ಗಳು ಬೆಳಕು ಕಣ್ಣಿಗೆ ಹೇಗೆ ಬಿತ್ತು ಅನ್ನೋದರ ಹಿಂದೆ ಬಿದ್ದವರು. ಇವನಿಗೆ, ಇವನ ಚಿತ್ರಕಾರ ಗೆಳೆಯ ಗೋಗ್ಯಾಂಗೆ ಅದು ಸಾಕಾಗಲಿಲ್ಲ. ಕಂಡದ್ದರ ಜೊತೆ ಅನಿಸಿದ್ದೂ ಬರಬೇಕು ಅನ್ನೋದು ಇವರ ಹಟ. ಹಾಗಾಗಿ "ಕಾಣ್ತು, ಬರೆದ" ಅನ್ನೋದು ಇಲ್ಲಿ ನಡೆಯೋಲ್ಲ.

ಪತ್ರದ_ಹುಳು
ಮೊದಲು ಭಾವನವರ ಕತೆ ಇತ್ಯರ್ಥ ಮಾಡೋಣ. ಇದು ಕೊನೇ ಚಿತ್ರ ಅಲ್ಲ.

ತಾರೀಕು ನೋಡಿ. ಅವನು ಪ್ಯಾರಿಸ್ ಪಕ್ಕದ ಓವೆರ್ ಅನ್ನೋ ಹಳ್ಳಿಗೆ ಬಂದಿದ್ದು 1890ರ ಮೇ 20ಕ್ಕೆ. ಗುಂಡು ಹಾರಿದ್ದು ಜುಲೈ 27, ತೀರಿಕೊಂಡಿದ್ದು 29, ವಯಸ್ಸು 37. ಜುಲೈ 10ರ ಸುಮಾರಿಗೇ ತಮ್ಮ ಥಿಯೋಗೆ, ನಾದಿನಿ ಯೊಹಾನಾಗೆ ಒಂದು ಪತ್ರ ಬರೀತಾನೆ. ಕಲಕಿದ ಆಕಾಶದ ಕೆಳಗೆ ವಿಶಾಲ ಗೋಧಿ ಹೊಲಗಳ ದೊಡ್ಡ ಚಿತ್ರಗಳನ್ನ ಬರೆದಿದೀನಿ ಅಂತ. ಅವುಗಳಲ್ಲಿ ಈ ಕಾಗೆ ಚಿತ್ರವೂ ಒಂದು ಅಂತ ಸಾಮಾನ್ಯವಾಗಿ ಗುರುತಿಸ್ತಾರೆ. ಅಂದರೆ ಆಮೇಲೂ ಎರಡು ವಾರಕ್ಕೂ ಮೇಲ್ಪಟ್ಟು ಬದುಕಿದ್ದ, ಕೆಲಸ ಮಾಡ್ತಿದ್ದ. ಜುಲೈ 23ಕ್ಕೆ ಥಿಯೋಗೆ ಬರೆದ ಕಾಗದದ ಜೊತೆ ಬೇಕಾದ ಬಣ್ಣಗಳ ಪಟ್ಟಿ ಕಳಿಸ್ತಾನೆ.

ಕೊನೇದು ಅಂತ ಈಗ ಬಹುತೇಕರು ಒಪ್ಪೋದು "ಮರದ ಬೇರುಗಳು" ಚಿತ್ರವನ್ನ. ಥಿಯೋನ ಬಾವಮೈದ ಅಂದ್ರೀಸ್ ಬೊಂಗರ್, ಸಾಯುವ ಮೊದಲಿನ ಬೆಳಿಗ್ಗೆ ಬಿಸಿಲು, ಜೀವ ತುಂಬಿದ ಒಂದು ಕಾಡಿನ ಚಿತ್ರ ಬರೆದಿದ್ದ ಅಂತ ಹೇಳಿದ್ದ. 2020ರಲ್ಲಿ ಒಂದು ಹಳೇ ಪೋಸ್ಟ್‌ಕಾರ್ಡ್ ಸಿಕ್ಕಿ ಆ ಬೇರುಗಳಿದ್ದ ದಿಬ್ಬ ಯಾವುದು ಅಂತಾನೂ ಪತ್ತೆಯಾಯ್ತು. ಅವನು ಉಳ್ಕೊಂಡಿದ್ದ ರಾವೂ ಹೋಟೆಲಿನ ಹತ್ತಿರದಲ್ಲೇ.

ಹಾಗಾದ್ರೆ ಕಾಗೆ ಕತೆ ಎಲ್ಲಿಂದ ಬಂತು? ಬಹಳಷ್ಟು ಸಿನಿಮಾ ಕೈವಾಡ. 1956ರ ಹಾಲಿವುಡ್ ಚಿತ್ರದಲ್ಲಿ ವ್ಯಾನ್ ಗೋ ಪಾತ್ರ ಮಾಡಿದ ಕರ್ಕ್ ಡಗ್ಲಸ್ ಈ ಕಾಗೆಗಳನ್ನ ಬರೀತಾ ಬರೀತಾನೇ ಕುಸಿದುಹೋಗ್ತಾನೆ. ಅಷ್ಟು ಚೆಂದದ ದೃಶ್ಯ ನೋಡಿದ ಮೇಲೆ ತಾರೀಕು ಯಾರಿಗೆ ಬೇಕು.

ಹೊಸಮನೆಯವ
ಭಾವನಿಗೆ ಇದನ್ನ ಕಳಿಸಿದೆ. "ಕೊನೇದಲ್ಲದಿದ್ರೆ ಏನಂತೆ, ಕೊನೇ ತಿಂಗಳಿನದು ತಾನೆ" ಅಂತ ಉತ್ತರ ಬಂತು.

ಅರ್ಧಸತ್ಯ
ಭಾವ ಹೇಳ್ತಿರೋದ್ರಲ್ಲಿ ತೂಕ ಇದೆ. ಪತ್ರದ_ಹುಳು ಅವರು ಪತ್ರದ ಅರ್ಧ ಮಾತ್ರ ಹೇಳಿದ್ರು. ಅದೇ ಪತ್ರದಲ್ಲಿ, ದುಃಖವನ್ನ, ವಿಪರೀತ ಒಂಟಿತನವನ್ನ ತೋರಿಸೋಕೆ ಬೇಕೂಂತಲೇ ಪ್ರಯತ್ನಪಟ್ಟೆ ಅಂತ ಅವನೇ ಬರೆದಿದ್ದಾನೆ. ಇದಕ್ಕಿಂತ ಸಾಕ್ಷಿ ಬೇಕಾ?

ಚಿತ್ರವನ್ನೇ ನೋಡಿ. ಮೂರು ದಾರಿ. ಎಡದ್ದು ಎತ್ತಲೋ ಹೋಗುತ್ತೆ, ಬಲದ್ದು ಫ್ರೇಮಿನಾಚೆ ಹೋಗುತ್ತೆ, ನಡುವಿನದು ಪೈರಿನೊಳಗೆ ಹೋಗಿ ಕಳೆದುಹೋಗುತ್ತೆ. ಅಮೆರಿಕದ ಕಲಾ ಇತಿಹಾಸಕಾರ ಮೈಯರ್ ಶಪೀರೊ 1946ರಲ್ಲೇ ಇದರ ಬಗ್ಗೆ ದೊಡ್ಡ ಪ್ರಬಂಧ ಬರೆದಿದ್ದಾನೆ. ಮಾಮೂಲಿ ಚಿತ್ರದಲ್ಲಿ ಗೆರೆಗಳು ದೂರ ಹೋಗ್ತಾ ಒಂದು ಬಿಂದುವಿನಲ್ಲಿ ಕೂಡುತ್ತವೆ, ಕಣ್ಣಿಗೆ ಹೋಗಲು ಒಂದು ಊರು ಸಿಗುತ್ತೆ. ಇಲ್ಲಿ ಉಲ್ಟಾ. ದಾರಿಗಳೆಲ್ಲ ನಿಂತು ನೋಡೋನ ಕಾಲಬುಡಕ್ಕೆ ಬಂದು ಸೇರುತ್ತವೆ, ಕಾಗೆಗಳು ದಿಗಂತದಿಂದ ಅವನ ಮೇಲೆರಗಿ ಬರುತ್ತವೆ. ಅವನು ಹೊರಗೆ ಹೋಗೋ ಬದಲು ಲೋಕವೇ ಒಳಗೆ ನುಗ್ಗಿದ ಹಾಗೆ. ಕೊನೇ ಚಿತ್ರ ಅಲ್ಲದೇ ಇರಬಹುದು, ದಿಕ್ಕು ತಪ್ಪಿದವನ ಚಿತ್ರ ಅನ್ನೋದರಲ್ಲಿ ನನಗೆ ಸಂಶಯ ಇಲ್ಲ.

ಧಾರವಾಡ_ಪೇಢೆ
ನೋಡ್ರಿ, ನಾ ಏನ್ ಕಲಾ ಓದಿದಾಂವ ಅಲ್ಲ. ನಮ್ಮ ಹೊಲ ನವಲಗುಂದ ಕಡೆ ಐತಿ, ಎರಿ ಭೂಮಿ, ಹಿಂಗಾರಿಗೆ ಗೋಧಿ ಹಾಕ್ತೀವಿ. ನಡುವಿನ ದಾರಿ "ಕಳದು ಹೋಗೂದು" ಅಂದ್ರಲಾ, ಅದು ಚಕ್ಕಡಿ ದಾರಿ ರೀ! ಎರಡೂ ಕಡೆ ಪೈರು ಎತ್ತರಕ ನಿಂತಾಗ ದಾರಿ ಒಂಚೂರು ಹೊಳ್ಳಿದ್ರ ಸಾಕು, ಮುಂದಿಂದು ಕಾಣೂದಿಲ್ಲ. ದಾರಿ ಮುಗದೈತಿ ಅಂತ ನಿಮಗ ಅನಸ್ತದ, ಎತ್ತಿಗೆ ಅನಸೂದಿಲ್ಲ.

ಇನ್ನ ಕಾಗಿ ನಮ್ಮ ಕಡೆ ಬರಾಕತ್ತಾವು ಅಂತೀರಿ. ನಾ ಪೋನಿನ್ಯಾಗ ದೊಡ್ಡದು ಮಾಡಿ ನೋಡಿದೆ. ಒಂದೊಂದು ಕಾಗಿ ಅಂದ್ರ ಎರಡ ಕರೀ ಗೀಟು. ಮಾರಿ ಯಾವ್ ಕಡೆ, ಬಾಲ ಯಾವ್ ಕಡೆ ಅಂತ ತೋರಸ್ರಿ ನೋಡೋಣು. ನನಗ ಹೊಂಟು ಹೋಗಾಕತ್ತಾವು ಅನಸ್ತು. ಯಾರೋ ಕವಣಿ ಬೀಸಿರಬೇಕು.

ಸುಮ್ನೆ_ಓದೋನು
ಶಪೀರೊ 0, ಎತ್ತು 1.

ಅರ್ಧಸತ್ಯ
ತಮಾಷೆ ಚೆನ್ನಾಗಿದೆ. ಆದರೆ ಹೊಲದಲ್ಲಿ ದಾರಿ ತಿರುಗುತ್ತೆ ಅನ್ನೋದು ಹೊಲದ ಮಾತು. ಚಿತ್ರಕಾರ ಆ ತಿರುವನ್ನ ಎಲ್ಲಿ ನಿಂತು ತೋರಿಸ್ತಾನೆ, ಎಲ್ಲಿ ಮುಚ್ಚಿಡ್ತಾನೆ ಅನ್ನೋದು ಅವನ ಆಯ್ಕೆ. ಹತ್ತು ಹೆಜ್ಜೆ ಪಕ್ಕಕ್ಕೆ ನಿಂತಿದ್ದರೆ ದಾರಿ ಕಾಣ್ತಿತ್ತೇನೋ. ಅವನು ಕಾಣದ ಜಾಗದಲ್ಲೇ ನಿಂತ.

ಧಾರವಾಡ_ಪೇಢೆ
ಹೌದ್ರಿ, ಈ ಮಾತು ಒಪ್ಪಿದೆ. ಕಾಗಿ ಮಾತು ಮಾತ್ರ ಒಪ್ಪೂದಿಲ್ಲ.

ಕಡಲ_ಕರೆಯವ
ಕಾಗೆ ಅಂದ್ರೆ ಸಾವು, ಅಪಶಕುನ ಅಂತ ಯಾಕೆ ಹಟ ಹಿಡಿಯುವುದು ಮಾರಾಯ್ರೆ? ನಮ್ಮಲ್ಲಿ ಕಾಗೆ ಬಾರದಿದ್ದರೇ ತಲೆಬಿಸಿ. ಅಜ್ಜನ ಶ್ರಾದ್ಧಕ್ಕೆ ಪಿಂಡ ಇಟ್ಟು ಅಂಗಳದಲ್ಲಿ ಮುಕ್ಕಾಲು ಗಂಟೆ "ಕಾ ಕಾ" ಅಂತ ಕೂಗಿದ್ದುಂಟು ನಾವು. ಒಂದೂ ಇಲ್ಲ. ಕಡೆಗೆ ಅಜ್ಜಿ ಬಂದು "ಅವರಿಗೆ ಬಾಳೆಕಾಯಿ ಪಲ್ಯ ಆಗುವುದಿಲ್ಲ ಅಂತ ಗೊತ್ತಿಲ್ಲವಾ ನಿಮಗೆ" ಅಂತ ಎಲೆಯಿಂದ ಅದನ್ನು ತೆಗೆದರು. ಎರಡು ನಿಮಿಷದಲ್ಲಿ ಕಾಗೆ ಹಾಜರ್.

ಹಾಗೆ ನೋಡಿದರೆ ಈ ಚಿತ್ರದಲ್ಲಿ ಹಿರಿಯರೆಲ್ಲ ಊಟಕ್ಕೆ ಬಂದಿದ್ದಾರೆ. ಹೊಸ ಮನೆಗೆ ಅದಕ್ಕಿಂತ ಒಳ್ಳೆಯದು ಏನುಂಟು?

ಹೊಸಮನೆಯವ
@ಕಡಲ_ಕರೆಯವ ಇದನ್ನ ಅತ್ತೆ ಹತ್ರ ಹೇಳಿದೆ. "ಪಿತೃಪಕ್ಷ ವರ್ಷಕ್ಕೊಂದ್ಸಲ, ಗೋಡೆ ಮೇಲೆ ದಿನಾ ಯಾಕೆ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ತಲೆಹರಟೆ
ಅತ್ತೆ 1.

ಪತ್ರದ_ಹುಳು
ಪಿಂಡದ ಕತೆ ಸೊಗಸಾಗಿದೆ, ಆದರೆ ಅದು ನಮ್ಮ ಕಾಗೆ. ಡಚ್ ಪಾದ್ರಿಯ ಮಗನ ಕಾಗೆ ಅಲ್ಲ. ಅವನ ಕಾಗೆಗಳು ಬೇರೆ ಎಲ್ಲೆಲ್ಲಿ ಹಾರಿವೆ ನೋಡಿದ್ರೆ ಸುಳಿವು ಸಿಗಬಹುದು. ಅವನು ಗುರು ಅಂತ ತಿಳಿದಿದ್ದ ಫ್ರೆಂಚ್ ಚಿತ್ರಕಾರ ಮಿಯೆ, ಚಳಿಗಾಲದ ಬರಡು ಬಯಲು, ನೆಲದ ಮೇಲೆ ಬಿಟ್ಟ ಹಲುಬೆ, ಮೇಲೆ ಕಾಗೆ ಹಿಂಡು ಇರೋ ಚಿತ್ರ ಬರೆದಿದ್ದ. ವ್ಯಾನ್ ಗೋ 1890ರ ಆರಂಭದಲ್ಲಿ ಅದನ್ನ ತನ್ನ ಬಣ್ಣಗಳಲ್ಲಿ ಮತ್ತೆ ಬರೆದ. ಅದೇ ಜುಲೈನಲ್ಲಿ ಬರೆದ ಓವೆರ್‌ನ ಮಳೆ ಚಿತ್ರದಲ್ಲೂ ಹೊಲದ ಮೇಲೆ ಕಾಗೆಗಳಿವೆ, ಅದೀಗ ವೇಲ್ಸ್‌ನ ಕಾರ್ಡಿಫ್‌ನಲ್ಲಿದೆ. ಅದನ್ನ ಯಾರೂ ಡೆತ್ ನೋಟ್ ಅನ್ನೋಲ್ಲ. ಯಾಕಂದ್ರೆ ಅದು ಸಿನಿಮಾದಲ್ಲಿ ಬರಲಿಲ್ಲ.

ಮತ್ತೆ @ಅರ್ಧಸತ್ಯ, ನಾನು ಅರ್ಧ ಹೇಳಿದೆ ಅಂದ್ರಲ್ಲ, ನೀವೂ ಅರ್ಧಕ್ಕೇ ನಿಲ್ಲಿಸಿದ್ರಿ (ಹೆಸರಿಗೆ ತಕ್ಕ ಹಾಗೆ). ದುಃಖ, ಒಂಟಿತನ ಅಂದ ಮೇಲೆ ಅದೇ ಪತ್ರದಲ್ಲಿ ಮುಂದುವರಿದು, ಮಾತಲ್ಲಿ ಹೇಳಲಾಗದ್ದನ್ನ ಈ ಚಿತ್ರಗಳು ಹೇಳ್ತವೆ, ಹಳ್ಳಿಗಾಡಿನಲ್ಲಿ ಆರೋಗ್ಯಕರವಾದದ್ದು, ಶಕ್ತಿ ಕೊಡುವಂಥದ್ದು ಏನು ಕಾಣ್ತೀನಿ ಅನ್ನೋದನ್ನ ಹೇಳ್ತವೆ ಅಂತ ಬರೀತಾನೆ. ಒಂಟಿತನವೂ ಆರೋಗ್ಯವೂ ಒಂದೇ ಉಸಿರಲ್ಲಿ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅಮ್ಮನಿಗೂ ತಂಗಿಗೂ ಬರೆದ ಪತ್ರದಲ್ಲಿ, ಕಡಲಿನಷ್ಟು ಎಲ್ಲೆಯಿಲ್ಲದ ಗೋಧಿ ಬಯಲಿನಲ್ಲಿ ಮುಳುಗಿದೀನಿ, ಇದನ್ನ ಬರೆಯೋಕೆ ಬೇಕಾದಷ್ಟು, ಬೇಕಾದ್ದಕ್ಕಿಂತಲೂ ಹೆಚ್ಚು ಶಾಂತವಾಗಿದೀನಿ ಅಂತಾನೆ.

ಅರ್ಧಸತ್ಯ
ಅಮ್ಮನಿಗೆ ಯಾರು ತಾನೆ ನಿಜ ಬರೀತಾರೆ? ಹಾಸ್ಟೆಲ್‌ನಲ್ಲಿ ಉಪವಾಸ ಬಿದ್ದಾಗಲೂ ನಾನು ಮನೆಗೆ ಫೋನ್ ಮಾಡಿ "ಊಟ ಆಯ್ತಮ್ಮ, ಚೆನ್ನಾಗಿತ್ತು" ಅಂತಾನೇ ಹೇಳ್ತಿದ್ದಿದ್ದು.

ಪತ್ರದ_ಹುಳು
ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದರೆ ಅಮ್ಮನಿಗೆ ಬರೆದದ್ದು ಸುಳ್ಳು, ತಮ್ಮನಿಗೆ ಬರೆದದ್ದರಲ್ಲಿ ಒಂದು ಸಾಲು ಮಾತ್ರ ನಿಜ ಅಂತ ಆರಿಸೋ ಅಧಿಕಾರ ನಿಮಗೆ ಯಾರು ಕೊಟ್ರು?

ಐಂಡ್‌ಹೋವನ್_ಕನ್ನಡಿಗ
ತಡವಾಗಿ ಬಂದೆ. ಮೂಲ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ, ಎರಡು ಸಲ ನೋಡಿದೀನಿ. ಅಂದ ಹಾಗೆ ಇಲ್ಲಿ ಯಾರೂ ವ್ಯಾನ್ ಗೋ ಅನ್ನೋಲ್ಲ. "ಫನ್ ಖೋಖ್", ಗಂಟಲಲ್ಲಿ ಕಫ ಸಿಕ್ಕಿಕೊಂಡ ಹಾಗೆ. ಸ್ವತಃ ಅವನಿಗೇ ಫ್ರಾನ್ಸ್‌ನಲ್ಲಿ ಈ ಕಷ್ಟ ಗೊತ್ತಾಗಿ, ಚಿತ್ರಗಳ ಮೇಲೆ ಬರೀ ವಿನ್ಸೆಂಟ್ ಅಂತ ಸಹಿ ಹಾಕ್ತಿದ್ದ. ನಮ್ಮ ಮನೆಯಿಂದ ಸೈಕಲ್‌ನಲ್ಲಿ ಹೋಗೋ ದೂರದಲ್ಲಿ ನ್ಯೂನೆನ್ ಇದೆ, ಆಲೂಗಡ್ಡೆ ತಿನ್ನೋ ಸಂಸಾರದ ಚಿತ್ರವನ್ನ 1885ರಲ್ಲಿ ಬರೆದ ಊರು.

ಹೋದ ಬೇಸಿಗೆಯಲ್ಲಿ ಓವೆರ್‌ಗೂ ಹೋಗಿದ್ವಿ. ಪ್ಯಾರಿಸ್‌ನಿಂದ ಸುಮಾರು 30 ಕಿಲೋಮೀಟರ್. ಚರ್ಚ್ ಪಕ್ಕದ ದಿಬ್ಬ ಹತ್ತಿದ್ರೆ ಸ್ಮಶಾನ, ಅಲ್ಲಿಂದಲೇ ಹೊಲ ಶುರು. ಕಾಗೆ ಚಿತ್ರ ಬರೆದ ಜಾಗ ಅಂತ ಒಂದು ಫಲಕ ನೆಟ್ಟಿದ್ದಾರೆ. ದಾರಿಗಳು ಈಗಲೂ ಇವೆ. ಅಣ್ಣ ತಮ್ಮ ಇಬ್ಬರ ಸಮಾಧಿಯೂ ಅಕ್ಕಪಕ್ಕ, ಎರಡರ ಮೇಲೂ ಒಂದೇ ಬಳ್ಳಿ ಹಬ್ಬಿದೆ. ಥಿಯೋ ಆರೇ ತಿಂಗಳಲ್ಲಿ ಹಾಲೆಂಡ್‌ನಲ್ಲಿ ತೀರಿಹೋದ, ಅವನ ಅವಶೇಷವನ್ನ ಯೊಹಾನಾ 1914ರಲ್ಲಿ ಇಲ್ಲಿಗೆ ತರಿಸಿದ್ಲು. ನನ್ನ ಮಗಳು ಅಲ್ಲಿ ನಿಂತು ಕೇಳಿದ್ದು: "ಅಪ್ಪಾ, ಇಲ್ಲಿ ಐಸ್‌ಕ್ರೀಮ್ ಸಿಗುತ್ತಾ?"

ಒಂದು ಮಾತು ಹೇಳಲೇಬೇಕು. ಮೂಲ ಚಿತ್ರ ನೀವಂದುಕೊಂಡಷ್ಟು ಕತ್ತಲಾಗಿಲ್ಲ. ಬಣ್ಣ ಎಷ್ಟು ದಪ್ಪ ಅಂದ್ರೆ ಪಕ್ಕದಿಂದ ನೋಡಿದ್ರೆ ಗೋಧಿ ಕಡ್ಡಿಗಳು ಉಬ್ಬಿ ನಿಂತಿವೆ. ಇನ್ನೊಂದು, ಅದು ತುಂಬಾ ಅಗಲ. 50.5 ಸೆಂ.ಮೀ ಎತ್ತರ, 103 ಸೆಂ.ಮೀ ಅಗಲ. ಎದುರು ನಿಂತ್ರೆ ಎರಡೂ ತುದಿ ಒಟ್ಟಿಗೆ ಕಣ್ಣಿಗೆ ಸಿಗೋಲ್ಲ, ಕತ್ತು ತಿರುಗಿಸ್ಬೇಕು.

ಹೊಸಮನೆಯವ
ಒಂದ್ನಿಮಿಷ. ಮೂರು ದಾರಿ ಅಂತಿದೀರಲ್ಲ ಎಲ್ರೂ, ನನ್ನ ಪ್ರಿಂಟ್‌ನಲ್ಲಿ ಒಂದೇ ದಾರಿ ಇರೋದು! ಮಧ್ಯದ್ದು. ಕೆಳಗೆ ಎರಡೂ ಮೂಲೆಯಲ್ಲಿ ಏನೋ ಹಸಿರು-ಕಂದು ಗೀಟು ಕಾಣ್ತಿದೆ ಅಷ್ಟೆ. ಮತ್ತೆ ಅಗಲ ಅಂತಿದೀರ, ನಂದು ಹೆಚ್ಚುಕಡಿಮೆ ಚೌಕ ಇದೆ.

ಎಣ್ಣೆಬಣ್ಣ
ಫ್ರೇಮ್ ಸೈಜ್ ಎಷ್ಟು?

ಹೊಸಮನೆಯವ
ಅಂಗಡಿಯವರು 16-20 ಇಂಚು ಅಂದ್ರು. ರೆಡಿ ಫ್ರೇಮ್, ಕಮ್ಮಿಗೆ ಬರುತ್ತೆ ಅಂತ.

ಎಣ್ಣೆಬಣ್ಣ
ಅಯ್ಯೋ ದೇವರೇ!

ಲೆಕ್ಕ ಹಾಕಿ. ಮೂಲದಲ್ಲಿ ಅಗಲ ಎತ್ತರದ ಎರಡರಷ್ಟು. ನಿಮ್ಮ ಫ್ರೇಮಿಗೆ ಕೂರಿಸ್ಬೇಕಾದ್ರೆ 103ರಲ್ಲಿ ಸುಮಾರು 63 ಸೆಂ.ಮೀ ಮಾತ್ರ ಉಳಿಯುತ್ತೆ. ಎಡಕ್ಕೆ 20, ಬಲಕ್ಕೆ 20 ಕತ್ತರಿಗೆ ಹೋಯ್ತು. ಎರಡು ದಾರಿಯೂ ಅದರ ಜೊತೆ ಹೋದ್ವು. ನಿಮ್ಮ ಭಾವನಿಗೆ ಕಂಡ "ಮುಗಿದುಹೋದ ಬದುಕು" ಬಹುಪಾಲು ಆ ಅಂಗಡಿಯವನ ಕೈಚಳಕ. ಆಚೀಚೆ ದಾರಿ ಇಲ್ಲದೆ ನಡುವಿನ ದಾರಿಯೊಂದನ್ನೇ ಬಿಟ್ಟರೆ ಯಾರಿಗಾದ್ರೂ ಉಸಿರುಗಟ್ಟುತ್ತೆ.

ಈ ಅಗಲ ಅವನು ಸುಮ್ನೆ ಆರಿಸ್ಕೊಂಡದ್ದಲ್ಲ. ಓವೆರ್‌ಗೆ ಬಂದ ಮೇಲೆ ಎರಡು ಚೌಕ ಪಕ್ಕಪಕ್ಕ ಇಟ್ಟಂಥ ಈ ಅಳತೆಯಲ್ಲಿ ಒಂದು ಡಜನ್‌ನಷ್ಟು ಚಿತ್ರ ಬರೆದ. ಅವನಿಗಿಂತ ಮುಂಚೆ ಆ ಊರಲ್ಲೇ ಇದ್ದ ದೋಬಿನ್ಯಿ ಅನ್ನೋ ಹಿರಿಯ ಭೂದೃಶ್ಯ ಚಿತ್ರಕಾರ ಉದ್ದುದ್ದ ಕ್ಯಾನ್ವಾಸ್‌ಗೆ ಹೆಸರಾದವನು, ಇವನಿಗೆ ಅವನ ಮೇಲೆ ಬಹಳ ಗೌರವ. ಬಯಲು ನಮ್ಮ ನೋಟದ ಅಂಚನ್ನೂ ದಾಟಿ ಹೋಗ್ಬೇಕು, ಅದಕ್ಕೇ ಈ ಅಗಲ. ಅದನ್ನ ಕತ್ತರಿಸಿದ್ರೆ ಬಯಲೇ ಹೋಯ್ತಲ್ಲ.

ಸುಮ್ನೆ_ಓದೋನು
ಸಾಂಕೇತಿಕತೆ ಹುಡುಕೋಕೆ ಹೋಗಿ ಸ್ಕೇಲು ಹಿಡ್ಕೊಂಡ್ವಿ 😀

ಧಾರವಾಡ_ಪೇಢೆ
ಹೊಲದ ಹದ್ದು ಒತ್ತಿದಂಗ ಆತು ನೋಡ್ರಿ. ಸರ್ವೇದಾಂವಗ ಕರಸ್ರಿ.

ಕೆಮಿಸ್ಟ್ರಿ_ಮೇಷ್ಟ್ರು
ಅಂಗಡಿಯವನನ್ನ ಮಾತ್ರ ಬೈದು ಪ್ರಯೋಜನವಿಲ್ಲ, ಕಾಲವೂ ಕತ್ತರಿ ಹಾಕಿದೆ. ವ್ಯಾನ್ ಗೋ ಬಳಸ್ತಿದ್ದ ಕ್ರೋಮ್ ಹಳದಿ ಅಂದ್ರೆ ಲೆಡ್ ಕ್ರೋಮೇಟ್. ಅದರ ಕೆಲವು ಬಗೆಗಳು, ಗಂಧಕ ಜಾಸ್ತಿ ಇರೋ ತಿಳಿ ಹಳದಿಗಳು, ಬೆಳಕಿಗೆ ಕಂದು ತಿರುಗ್ತವೆ. ಕೆಂಪಿಗೆ ಅವನು ಬಳಸಿದ ಜಿರೇನಿಯಂ ಲೇಕ್ ಇನ್ನೂ ಕಡೆ, ಬೆಳಕಲ್ಲಿ ಇಟ್ಟರೆ ಹಾರಿಹೋಗುತ್ತೆ. ಅವನ ಪ್ರಸಿದ್ಧ ಮಲಗೋ ಕೋಣೆಯ ಗೋಡೆ ತಿಳಿ ನೇರಳೆ ಅಂತ ಅವನೇ ಪತ್ರದಲ್ಲಿ ಬರೆದಿದ್ದಾನೆ, ಇವತ್ತು ನೋಡಿದ್ರೆ ನೀಲಿ. ಕೆಂಪು ಹೋಗಿ ನೀಲಿ ಉಳೀತು. ಬಣ್ಣಕ್ಕೆ ಅರ್ಥ ಹಚ್ಚೋ ಮೊದಲು ಆ ಬಣ್ಣ ಅದೇ ಬಣ್ಣ ತಾನಾ ಅಂತ ಕೇಳ್ಬೇಕು.

ನನ್ನ ಪಿಯುಸಿ ಮಕ್ಕಳಿಗೆ ಲೆಡ್ ಕ್ರೋಮೇಟ್ ಪ್ರೆಸಿಪಿಟೇಟ್ ತೋರಿಸುವಾಗ ಪ್ರತಿ ವರ್ಷ ಇದನ್ನ ಹೇಳ್ತೀನಿ. ಪ್ರತಿ ವರ್ಷ ಒಬ್ಬನಾದ್ರೂ "ಸಾರ್, ಇದು ಪರೀಕ್ಷೆಗೆ ಬರುತ್ತಾ" ಅಂತಾನೆ.

ತಲೆಹರಟೆ
ಬರುತ್ತಾ ಸಾರ್?

ಕೆಮಿಸ್ಟ್ರಿ_ಮೇಷ್ಟ್ರು
ಇಲ್ಲ.

ತಲೆಹರಟೆ
ಸರಿ, ನನ್ನ ಮೂಲ ಪ್ರಶ್ನೆಗೆ ಬರ್ತೀನಿ. ಪೇಢೆ ಅವರು ದಾರಿ ಅಂದ್ರೆ ದಾರಿ ಅಂದ್ರು. ಮೇಷ್ಟ್ರು ಬಣ್ಣ ಅಂದ್ರೆ ಲೆಡ್ ಅಂದ್ರು. ಹಾಗಾದ್ರೆ ನಾನು ಮೊದಲೇ ಹೇಳಿದ ಹಾಗೆ ಸಂಕೇತ ಗಿಂಕೇತ ಏನೂ ಇಲ್ಲ ತಾನೆ?

ಎಣ್ಣೆಬಣ್ಣ
ಇದೆ. ಆದರೆ ನಿಘಂಟು ತೆಗೆದು "ಕಾಗೆ = ಸಾವು" ಅಂತ ಓದೋ ತರಹದ್ದಲ್ಲ. ಇದನ್ನ ಸ್ವಲ್ಪ ಉದ್ದವಾಗಿ ಹೇಳ್ತೀನಿ, ಬೇಜಾರಾದ್ರೆ ಮುಂದಕ್ಕೆ ಹೋಗಿ.

ಅವನು ಸಂಕೇತವನ್ನ ಬೇಕೂಂತಲೇ ಬಳಸಿದ್ದಕ್ಕೆ ಅವನದೇ ಮಾತಿದೆ. 1889ರ ಸೆಪ್ಟೆಂಬರ್, ದಕ್ಷಿಣ ಫ್ರಾನ್ಸ್‌ನ ಸಾಂ ರೆಮಿಯಲ್ಲಿ ಅವನಿದ್ದ ಮಾನಸಿಕ ಆಸ್ಪತ್ರೆ. ಕಿಟಕಿಯಾಚೆ ಒಬ್ಬ ಗೋಧಿ ಕೊಯ್ತಿದ್ದಾನೆ. ಅದನ್ನ ಬರೀತಾ ಥಿಯೋಗೆ ಹೇಳ್ತಾನೆ, ಈ ಕೊಯ್ಯೋನಲ್ಲಿ ನನಗೆ ಸಾವು ಕಾಣುತ್ತೆ, ಮನುಷ್ಯರೇ ಅವನು ಕೊಯ್ಯೋ ಗೋಧಿ ಅಂತ. ಭಾವ ಇಲ್ಲಿಗೆ ನಿಲ್ಲಿಸ್ತಿದ್ರು. ಅವನು ನಿಲ್ಲಿಸೋಲ್ಲ. ಈ ಸಾವಲ್ಲಿ ದುಃಖ ಏನೂ ಇಲ್ಲ, ಎಲ್ಲದರ ಮೇಲೂ ಅಪ್ಪಟ ಚಿನ್ನದ ಬೆಳಕು ಚೆಲ್ಲೋ ಸೂರ್ಯನ ಕೆಳಗೆ ಹಾಡುಹಗಲಲ್ಲೇ ನಡೆಯುತ್ತೆ ಅಂತಾನೆ. ಅಂದರೆ ಅವನು ಬಾಯಿಬಿಟ್ಟು ಸಾವು ಅಂತ ಹೆಸರಿಟ್ಟ ಗೋಧಿ ಹೊಲದಲ್ಲಿ ಕಾಗೆಯೇ ಇಲ್ಲ, ಸೂರ್ಯ ಇದ್ದಾನೆ!

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಅದೇ ವರ್ಷ ನವೆಂಬರ್‌ನಲ್ಲಿ ಗೆಳೆಯ ಬೆರ್ನಾರ್‌ಗೆ ಒಂದು ಜಗಳಗಂಟ ಪತ್ರ. ಬೆರ್ನಾರ್, ಗೋಗ್ಯಾಂ ಇಬ್ಬರೂ ಆಲಿವ್ ತೋಟದಲ್ಲಿ ಕ್ರಿಸ್ತ ಸಂಕಟಪಡೋ ಚಿತ್ರ ಬರೆದಿದ್ರು. ಇವನಿಗೆ ಕೋಪ. ಸಂಕಟ ತೋರಿಸೋಕೆ ನೇರವಾಗಿ ಕ್ರಿಸ್ತನ ತೋಟಕ್ಕೇ ಹೋಗ್ಬೇಕಾಗಿಲ್ಲ ಅಂತ ವಾದಿಸಿ, ತಾನು ಬರೆದ ಆಸ್ಪತ್ರೆ ತೋಟದ ಚಿತ್ರವನ್ನ ವರ್ಣಿಸ್ತಾನೆ. ಸಿಡಿಲು ಬಡಿದು ಆಮೇಲೆ ಕಡಿದ ಮರ, ಕೆಮ್ಮಣ್ಣಿನ ಕೆಂಪು, ಬೂದು ಬೆರೆತು ಸಪ್ಪೆಯಾದ ಹಸಿರು, ಸುತ್ತ ಕಪ್ಪು ಗೆರೆ. ಈ ಬಣ್ಣಗಳು ಸೇರಿದಾಗಲೇ ಆ ಕಳವಳ ಬರುತ್ತೆ ಅಂತ. ಅವನ ಸಂಕೇತ ಇರೋದು ವಸ್ತುವಿನಲ್ಲಲ್ಲ, ಬಣ್ಣ ಬಣ್ಣದ ಪಕ್ಕ ಕೂತಾಗ ಏನಾಗುತ್ತೆ ಅನ್ನೋದರಲ್ಲಿ.

ಈ ಕಣ್ಣಿಟ್ಟು ಕಾಗೆ ಚಿತ್ರ ನೋಡಿ. ನೀಲಿಗೆ ಎದುರು ಕಿತ್ತಳೆ ಹಳದಿ. ದಾರಿಯ ಕೆಂಪಿಗೆ ಎದುರು ಅದರ ಅಂಚಿನ ಹುಲ್ಲಿನ ಹಸಿರು. ಎದುರುಬದುರು ಬಣ್ಣ ಪಕ್ಕಪಕ್ಕ ಇಟ್ರೆ ಎರಡೂ ಕಿರುಚುತ್ತವೆ, ರೇಷ್ಮೆ ಸೀರೆ ನೇಯೋರಿಗೆ ಗೊತ್ತು, ಅಂಚು ಒಡಲು ಎದುರು ಬಣ್ಣದ್ದಾಗಿದ್ರೆ ಸೀರೆ ಎದ್ದು ಕಾಣುತ್ತೆ. ಇಲ್ಲಿ ಯಾವ ಬಣ್ಣವೂ ಇನ್ನೊಂದಕ್ಕೆ ಸೋಲ್ತಿಲ್ಲ. ಆಕಾಶ ಕುಗ್ಗಿಸ್ತಿದೆ, ಹೊಲ ಉಬ್ಬಿ ಬರ್ತಿದೆ. ಅವನು ಹೇಳಿದ ದುಃಖ, ಅವನು ಹೇಳಿದ ಆರೋಗ್ಯ, ಎರಡೂ ಅದೇ ಕ್ಯಾನ್ವಾಸ್ ಮೇಲೆ ಗುದ್ದಾಡ್ತಿವೆ. ಕಾಗೆಗಳು ಆ ಎರಡರ ನಡುವೆ ಹಾರಾಡೋ ಕಪ್ಪು ಗೀಟು. ಅವನ್ನ ಬೆರಳಿಂದ ಮುಚ್ಚಿ ನೋಡಿ, ಮೇಲೂ ಕೆಳಗೂ ಬೇರೆಬೇರೆ ಚಿತ್ರ ಆಗಿಬಿಡುತ್ತೆ. ನನ್ನ ಪಾಲಿಗೆ ಕಾಗೆಗಳ ಕೆಲಸ ಅದು, ಹೊಲಿಗೆ ಹಾಕೋದು.

ಅರ್ಧಸತ್ಯ
ಬೆರ್ನಾರ್ ಪತ್ರ ನನಗೆ ಗೊತ್ತಿರಲಿಲ್ಲ. ಸರಿ, "ಕಾಗೆ = ಸಾವು" ಬಿಟ್ಟೆ. ಆದರೆ ಒಂಟಿತನ ಬಿಡೋಲ್ಲ. ಅಷ್ಟಗಲ ಹೊಲ, ಒಬ್ಬ ಮನುಷ್ಯನೂ ಇಲ್ಲ.

ಎಣ್ಣೆಬಣ್ಣ
ಒಂಟಿತನ ಬಿಡಿ ಅಂತ ನಾನೆಲ್ಲಿ ಹೇಳ್ದೆ?

ಕಡಲ_ಕರೆಯವ
ಬೆರಳಿಂದ ಮುಚ್ಚಿ ನೋಡಿದೆ. ಹೌದು ಮಾರಾಯ್ರೆ!

ತಲೆಹರಟೆ
ನಾನೂ ಮುಚ್ಚಿ ನೋಡಿದೆ, ಫೋನ್ ಬೇರೆ ಯಾರಿಗೋ ಕಾಲ್ ಹೋಯ್ತು.

ಮಳೆಗಾಲದ_ಕೊಡೆ
ಓದ್ತಾ ಓದ್ತಾ ಒಂದು ವಿಷಯ ಹೇಳೋಣ ಅನ್ನಿಸ್ತು. ನಮ್ಮ ಮನೆಯಲ್ಲಿ ಒಬ್ಬರು ಹಾಗೆ ಹೋದರು. ಆಮೇಲೆ ಊರವರೆಲ್ಲ ಅವರ ಹಳೇ ಮಾತು, ಹಳೇ ಫೋಟೋ ಎಲ್ಲದರಲ್ಲೂ ಸುಳಿವು ಹುಡುಕೋಕೆ ಶುರು ಮಾಡಿದ್ರು. ನಗ್ತಾ ನಿಂತ ಫೋಟೋ ತೋರಿಸಿ "ಕಣ್ಣು ನೋಡಿ, ಆಗಲೇ ಗೊತ್ತಾಗ್ತಿತ್ತು" ಅನ್ನೋರು. ಏನೂ ಗೊತ್ತಾಗ್ತಿರಲಿಲ್ಲ. ಅವತ್ತು ನಾವು ಜಾತ್ರೆಗೆ ಹೋಗಿದ್ವಿ, ಖುಷಿಯಾಗೇ ಇದ್ರು. 70 ದಿನದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಚಿತ್ರ ಬರೆದವನ ಎಲ್ಲ ಚಿತ್ರವನ್ನೂ ಕೊನೇ ದಿನದ ಕಡೆಯಿಂದ ಓದಿದ್ರೆ, ಅವನು ಆ ಬೆಳಿಗ್ಗೆ ಹೊಲದಲ್ಲಿ ನಿಂತು ಮಾಡಿದ ಕೆಲಸಕ್ಕೆ ಬೆಲೆ ಎಲ್ಲಿ?

ಪತ್ರದ_ಹುಳು
🙏

ಐಂಡ್‌ಹೋವನ್_ಕನ್ನಡಿಗ
@ಮಳೆಗಾಲದ_ಕೊಡೆ ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಸುಮ್ನೆ_ಓದೋನು
ಹುಡುಗರು ಗುಂಡು ಹಾರಿಸಿದ್ರು, ಅದು ಆತ್ಮಹತ್ಯೆನೇ ಅಲ್ಲ ಅಂತಾನೂ ಎಲ್ಲೋ ಓದಿದ್ದೆನಲ್ಲ?

ಪತ್ರದ_ಹುಳು
2011ರಲ್ಲಿ ಬಂದ ಒಂದು ಜೀವನಚರಿತ್ರೆಯ ವಾದ ಅದು. ಆಮ್‌ಸ್ಟರ್‌ಡ್ಯಾಮ್ ಮ್ಯೂಸಿಯಂನ ತಜ್ಞರು ಒಪ್ಪಿಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಹೊಸಮನೆಯವ
ಎಲ್ರಿಗೂ ಥ್ಯಾಂಕ್ಸ್. ಅಪ್‌ಡೇಟ್ ಕೊಡ್ತೀನಿ. ಅಂಗಡಿಗೆ ಹೋಗಿ ಕೇಳಿದ್ದಕ್ಕೆ "ಸಾರ್, ಎರಡು ಕಡೆ ಬರೀ ಹುಲ್ಲೇ ಇತ್ತು, ಮುಖ್ಯವಾದದ್ದು ಮಧ್ಯದಲ್ಲಿ ಇದೆಯಲ್ಲ" ಅಂದ. ಜಗಳ ಆಡೋ ಮನಸ್ಸಾಗಲಿಲ್ಲ. ಬೇರೆ ಕಡೆ 20 ಇಂಚು ಎತ್ತರ, 40 ಇಂಚು ಅಗಲಕ್ಕೆ ಪೂರ್ತಿ ಚಿತ್ರ ಪ್ರಿಂಟ್ ಹಾಕಿಸಿದೆ. ನಿನ್ನೆ ಸಂಜೆ ತೂಗುಹಾಕಿದ್ವಿ. ಹೆಂಡ್ತಿ ಕುರ್ಚಿ ಇನ್ನೂ ತಿರುಗಿಸಿಲ್ಲ, ಆದರೆ ಹೋಗ್ತಾ ಬರ್ತಾ ನೋಡ್ತಿದಾಳೆ. ಭಾವ ಇನ್ನೂ ಬಂದಿಲ್ಲ.

ಅತ್ತೆ ಮಾತ್ರ ಕನ್ನಡಕ ಹಾಕ್ಕೊಂಡು ಹತ್ತಿರ ಹೋಗಿ ಈ ತುದಿಯಿಂದ ಆ ತುದಿವರೆಗೂ ನೋಡಿದ್ರು. ಏನಂತಾರೋ ಅಂತ ನಾನು ಉಸಿರು ಹಿಡ್ಕೊಂಡಿದ್ದೆ. "ಇಷ್ಟು ಬೆಳೆ ನಿಂತಿದೆ, ಹಕ್ಕಿ ಬೀಳ್ತಿದೆ, ಕಾವಲಿಗೆ ಒಬ್ಬರೂ ಇಲ್ವಲ್ಲೋ" ಅಂದ್ರು. ಆಮೇಲೆ ಒಳಗೆ ಹೋಗಿ ಅಕ್ಕಿ ಆರಿಸೋಕೆ ಕೂತ್ರು.

ಅರ್ಧಸತ್ಯ
ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಧಾರವಾಡ_ಪೇಢೆ
ನಾ ಹೇಳಿದ್ದ ಕವಣಿ ಹುಡುಗ ಊಟಕ್ಕ ಹೋಗ್ಯಾನ, ಬರ್ತಾನ ಅಂತ ಹೇಳ್ರಿ ಅವರಿಗೆ.

ತಲೆಹರಟೆ
20-40 ಪ್ರಿಂಟ್‌ಗೆ ಎಷ್ಟಾಯ್ತು ಸಾರ್? ಫ್ರೇಮ್ ಸೇರಿಸಿ ಹೇಳಿ.